ಕಪ್ಪೆಗಳ ಮೈಮೇಲೆ ಶಿಲೀಂಧ್ರವಿದೆ, ಸಾವು ಮಾತ್ರ ಕಂಡಿಲ್ಲ: ಪುಣೆ ಸಂಶೋಧಕರು ಎತ್ತಿದ ಪ್ರಶ್ನೆ ಇನ್ನೂ ಹಾಗೇ ಇದೆ

ಪುಣೆ: ಸಹ್ಯಾದ್ರಿಯ ಉತ್ತರ ಭಾಗದ ಕಪ್ಪೆಗಳ ಚರ್ಮದಲ್ಲಿ ಕೈಟ್ರಿಡ್ ಎಂಬ ಶಿಲೀಂಧ್ರ ಇದೆ ಎಂದು ಪುಣೆಯ ಸಂಶೋಧಕರು ಪ್ರಕಟಿಸಿ ಹತ್ತು ವರ್ಷಗಳ ಮೇಲಾಯಿತು. ಇದೇ ಶಿಲೀಂಧ್ರ ಆಸ್ಟ್ರೇಲಿಯಾದಲ್ಲಿ, ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ಎಷ್ಟೋ ಕಪ್ಪೆ ಜಾತಿಗಳನ್ನು ಅಳಿಸಿಹಾಕಿದೆ. ಭಾರತದಲ್ಲಿ ಮಾತ್ರ ಅಂಥ ಸಾಮೂಹಿಕ ಸಾವು ವರದಿಯಾಗಿಲ್ಲ. ಇದು ಸಮಾಧಾನದ ಸುದ್ದಿಯೇ. ಆದರೆ ಈ ಸಮಾಧಾನ ಎಷ್ಟು ಗಟ್ಟಿಯಾದ ನೆಲದ ಮೇಲೆ ನಿಂತಿದೆ ಎಂದು ಕೇಳಬೇಕಾದ ಸಮಯ ಈಗ ಬಂದಿದೆ. ಕಾರಣ, 2025ರಲ್ಲಿ ಹೈದರಾಬಾದ್‌ನ ಸಿಸಿಎಂಬಿ ವಿಜ್ಞಾನಿಗಳು ಪ್ರಕಟಿಸಿದ ಹೊಸ ಪರೀಕ್ಷಾ ವಿಧಾನ. ಹಳೆಯ ವಿಧಾನಕ್ಕೆ ಸಿಗದೆ ತಪ್ಪಿಸಿಕೊಂಡಿದ್ದ ಸೋಂಕು ಇದರಲ್ಲಿ ಸಿಕ್ಕಿಬೀಳುತ್ತಿದೆ.

ಕಪ್ಪೆ ಮತ್ತು ಶಿಲೀಂಧ್ರ ಎಂದರೆ ಕನ್ನಡ ಓದುಗರಿಗೆ ಮೊದಲು ನೆನಪಾಗುವುದು ಕಾರ್ಕಳದ ಕಪ್ಪೆ. 2023ರ ಜೂನ್‌ನಲ್ಲಿ ಕುದುರೆಮುಖದ ತಪ್ಪಲಿನಲ್ಲಿ ಪಕ್ಕೆಯ ಮೇಲೆ ಪುಟ್ಟ ಅಣಬೆಯೊಂದನ್ನು ಹೊತ್ತು ಕುಳಿತಿದ್ದ ಕಪ್ಪೆಯ ಫೋಟೊ, ಮರುವರ್ಷದ ಆರಂಭದಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ವರದಿಯಾದ ಮೇಲೆ ದೇಶ ವಿದೇಶಗಳಲ್ಲಿ ಓಡಾಡಿತು. ಅದು ಮೈಸಿನಾ ಎಂಬ ಜಾತಿಯ ಅಣಬೆ, ಸಾಮಾನ್ಯವಾಗಿ ಕೊಳೆಯುವ ಮರದ ಮೇಲೆ ಬೆಳೆಯುವಂಥದ್ದು. ಜೀವಂತ ಕಪ್ಪೆಯ ಮೇಲೆ ಅಣಬೆ ಮೊಳೆತದ್ದು ವಿಚಿತ್ರ, ಹಾಗಾಗಿ ಸುದ್ದಿಯಾಯಿತು. ಕಪ್ಪೆಗಳನ್ನು ನಿಜವಾಗಿ ಕೊಲ್ಲುವ ಶಿಲೀಂಧ್ರಕ್ಕೆ ಅಂಥ ಫೋಟೊ ಯೋಗವಿಲ್ಲ. ಅದು ಬರಿಗಣ್ಣಿಗೆ ಕಾಣುವುದೇ ಇಲ್ಲ.

ಚರ್ಮಕ್ಕೆ ಅಂಟಿ ಹೃದಯ ನಿಲ್ಲಿಸುವ ರೋಗ

ಈ ಶಿಲೀಂಧ್ರದ ಪೂರ್ತಿ ಹೆಸರು ಬ್ಯಾಟ್ರಕೊಕೈಟ್ರಿಯಂ ಡೆಂಡ್ರೊಬ್ಯಾಟಿಡಿಸ್. 1998ರಲ್ಲಿ ಆಸ್ಟ್ರೇಲಿಯಾ ಮತ್ತು ಮಧ್ಯ ಅಮೆರಿಕದ ಸತ್ತ ಕಪ್ಪೆಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಇಂಥದ್ದೊಂದು ರೋಗವಿದೆ ಎಂದು ಮೊದಲ ಬಾರಿ ಪ್ರಕಟಿಸಿದರು. ಮರುವರ್ಷ ವಾಷಿಂಗ್ಟನ್‌ನ ರಾಷ್ಟ್ರೀಯ ಮೃಗಾಲಯದಲ್ಲಿ ಸತ್ತ ನೀಲಿ ಬಣ್ಣದ ವಿಷಗಪ್ಪೆಯೊಂದರಿಂದ ಬೇರ್ಪಡಿಸಿದ ಶಿಲೀಂಧ್ರಕ್ಕೆ ಈ ಹೆಸರಿಡಲಾಯಿತು. ಉದ್ದದ ಹೆಸರಿನ ಬದಲು ಕೈಟ್ರಿಡ್ ಎಂಬುದೇ ಹೆಚ್ಚು ಬಳಕೆಯಲ್ಲಿದೆ.

ಮನುಷ್ಯರಿಗೆ ಚರ್ಮದ ಶಿಲೀಂಧ್ರ ಸೋಂಕು ಎಂದರೆ ಗಜಕರ್ಣ, ತುರಿಕೆ, ಒಂದು ಟ್ಯೂಬ್ ಮುಲಾಮು. ಕಪ್ಪೆಯ ಕತೆ ಹಾಗಲ್ಲ. ಕಪ್ಪೆ ಬಾಯಲ್ಲಿ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರಿಕೊಳ್ಳುತ್ತದೆ. ಉಸಿರಾಟದ ಒಂದು ಪಾಲು ನಡೆಯುವುದೂ ಚರ್ಮದ ಮೂಲಕವೇ. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಎಷ್ಟಿರಬೇಕು ಎಂಬುದನ್ನು ಹತೋಟಿಯಲ್ಲಿಡುವುದರಲ್ಲೂ ಚರ್ಮದ ಪಾತ್ರ ದೊಡ್ಡದು. ಕೈಟ್ರಿಡ್‌ನ ಬೀಜಾಣುಗಳಿಗೆ ಪುಟ್ಟ ಬಾಲವಿದೆ. ಅವು ನೀರಿನಲ್ಲಿ ಈಜಿಕೊಂಡು ಬಂದು ಚರ್ಮದ ಕೆರಟಿನ್ ಇರುವ ಪದರದೊಳಗೆ ಸೇರುತ್ತವೆ. ಅಲ್ಲೇ ಬೆಳೆದು, ಮತ್ತಷ್ಟು ಬೀಜಾಣುಗಳನ್ನು ನೀರಿಗೆ ಬಿಡುತ್ತವೆ. ಸೋಂಕು ಹೆಚ್ಚಾದಂತೆ ಚರ್ಮ ದಪ್ಪಗಾಗಿ ತನ್ನ ಕೆಲಸ ನಿಲ್ಲಿಸುತ್ತದೆ. ರಕ್ತದ ಲವಣಾಂಶ ಕುಸಿದು ಕೊನೆಗೆ ಕಪ್ಪೆ ಸಾಯುವುದು ಹೃದಯ ಸ್ತಂಭನದಿಂದ ಎಂದು 2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು.

ಗೊದಮೊಟ್ಟೆಗಳಲ್ಲಿ ಕೆರಟಿನ್ ಇರುವುದು ಬಾಯಿಯ ಭಾಗದಲ್ಲಿ ಮಾತ್ರ. ಹಾಗಾಗಿ ಸೋಂಕು ತಗುಲಿದರೂ ಅವು ಸಾಮಾನ್ಯವಾಗಿ ಸಾಯುವುದಿಲ್ಲ. ಕೊಳದಲ್ಲಿ ಗೊದಮೊಟ್ಟೆಗಳು ಬೇಕಾದಷ್ಟು ಕಾಣಿಸುತ್ತವೆ, ಎಲ್ಲವೂ ಸರಿಯಿದೆ ಅನಿಸುತ್ತದೆ. ಬಾಲ ಉದುರಿ ಕಪ್ಪೆಯಾಗುವ ಹೊತ್ತಿಗೆ ಮೈತುಂಬ ಕೆರಟಿನ್, ಮೈತುಂಬ ಸೋಂಕು.

ಜಗತ್ತಿನ ಮಟ್ಟದಲ್ಲಿ ಇದರಿಂದ ಆದ ನಷ್ಟದ ಲೆಕ್ಕ 2019ರಲ್ಲಿ ಸಿಕ್ಕಿತು. ಕನಿಷ್ಠ 501 ಉಭಯವಾಸಿ ಜಾತಿಗಳ ಸಂಖ್ಯೆ ಈ ರೋಗದಿಂದ ಇಳಿದಿದೆ, ಅವುಗಳಲ್ಲಿ 90 ಜಾತಿಗಳು ಅಳಿದುಹೋಗಿವೆ ಅಥವಾ ಕಾಡಿನಲ್ಲಿ ಉಳಿದಿಲ್ಲ ಎಂದು ಭಾವಿಸಲಾಗಿದೆ ಎಂದು ಸೈನ್ಸ್ ಪತ್ರಿಕೆಯ ವರದಿ ಹೇಳಿತು. ಬೇರೆ ಯಾವ ಒಂದೇ ರೋಗಾಣುವೂ ಇಷ್ಟು ಜಾತಿಯ ಪ್ರಾಣಿಗಳಿಗೆ ಕುತ್ತು ತಂದ ದಾಖಲೆ ಇಲ್ಲ. ಪನಾಮಾ ದೇಶದ ಹೆಮ್ಮೆಯಾಗಿದ್ದ ಚಿನ್ನದ ಬಣ್ಣದ ಕಪ್ಪೆ 2009ರ ನಂತರ ಕಾಡಿನಲ್ಲಿ ಕಂಡಿಲ್ಲ. ಈಗ ಅದಿರುವುದು ಮೃಗಾಲಯಗಳ ಗಾಜಿನ ಪೆಟ್ಟಿಗೆಗಳಲ್ಲಿ.

ಕರ್ವೆ ರಸ್ತೆಯ ಕಾಲೇಜು, ಪಾಷಾಣದ ಪ್ರಯೋಗಾಲಯ

ಭಾರತದಲ್ಲಿ ಕೈಟ್ರಿಡ್ ಇರುವುದು ಮೊದಲು ವರದಿಯಾದದ್ದು 2011ರಲ್ಲಿ, ಕೇರಳದ ಪಶ್ಚಿಮ ಘಟ್ಟದ ಇಂಡಿರಾನಾ ಗುಂಪಿನ ಕಪ್ಪೆಯಲ್ಲಿ. ಒಂದೆರಡು ಕಪ್ಪೆಗಳಲ್ಲಿ ಸಿಕ್ಕರೆ ಅದು ಆಗಷ್ಟೇ ಬಂದದ್ದೋ, ಮೊದಲಿನಿಂದ ಇದ್ದದ್ದೋ ಎಂದು ಹೇಳಲು ಬರುವುದಿಲ್ಲ. ಆ ಪ್ರಶ್ನೆಯನ್ನು ವಿಸ್ತಾರವಾಗಿ ಕೈಗೆತ್ತಿಕೊಂಡದ್ದು ಪುಣೆಯ ತಂಡ.

ಪುಣೆಯ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ, ಅಂದರೆ ಐಸರ್‌ನಲ್ಲಿದ್ದ ನೀಲೇಶ್ ಡಹಾಣೂಕರ್, ಕರ್ವೆ ರಸ್ತೆಯ ಆಬಾಸಾಹೇಬ್ ಗರವಾರೆ ಕಾಲೇಜಿನ ಆನಂದ ಪಾಧ್ಯೆ ಮತ್ತು ನಿಖಿಲ್ ಮೋಡಕ್, ಪುಣೆ ವಿಶ್ವವಿದ್ಯಾಲಯದ ಮಂದಾರ್ ಪೈಂಗಣಕರ್, ಇವರ ಜತೆಗೆ ಕೊಯಮತ್ತೂರಿನ ಝೂ ಔಟ್‌ರೀಚ್ ಸಂಸ್ಥೆಯ ಸಂಜಯ್ ಮೋಳೂರ್ ಮತ್ತು ಕೆ. ಕೃತಾ ಸೇರಿ ನಡೆಸಿದ ಅಧ್ಯಯನ 2013ರ ಅಕ್ಟೋಬರ್‌ನಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಪಾಧ್ಯೆ ಮತ್ತು ಡಹಾಣೂಕರ್ ಅದಕ್ಕೂ ಮೊದಲೇ ತಾಮ್ಹಿಣಿ ಘಾಟ್ ಸೇರಿದಂತೆ ಪುಣೆ ಸುತ್ತಲಿನ ಘಟ್ಟಗಳಲ್ಲಿ ಕಪ್ಪೆಗಳ ಪಟ್ಟಿ ಮಾಡುತ್ತ ಬಂದವರು. ಎಲ್ಲಿ ಯಾವ ಕಪ್ಪೆ ಸಿಗುತ್ತದೆ ಎಂದು ಗೊತ್ತಿದ್ದವರ ಕೈಗೆ ರೋಗದ ಅಧ್ಯಯನ ಹೋದದ್ದು ಒಳ್ಳೆಯದೇ ಆಯಿತು. ರೋಗಾಣು ತಜ್ಞರಿಗೆ ಪ್ರಯೋಗಾಲಯ ಗೊತ್ತಿರುತ್ತದೆ, ಮಳೆಯಲ್ಲಿ ರಾತ್ರಿ ಹೊತ್ತು ಕಪ್ಪೆಯನ್ನು ಕೂಗಿನಿಂದ ಗುರುತಿಸುವುದು ಬೇರೆಯೇ ವಿದ್ಯೆ.

ವಿಧಾನ ಕೇಳಲು ಸರಳ. ಕಪ್ಪೆಯನ್ನು ಹಿಡಿದು, ಹೊಟ್ಟೆಯ ಕೆಳಭಾಗ, ತೊಡೆ, ಪಾದಗಳ ಮೇಲೆ ಹತ್ತಿಯ ಕಡ್ಡಿಯನ್ನು ಹಲವು ಸಲ ಸವರಿ, ಕಪ್ಪೆಯನ್ನು ಅಲ್ಲೇ ಬಿಟ್ಟುಬಿಡುವುದು. ಕೋವಿಡ್ ಕಾಲದ ಸ್ವಾಬ್ ಪರೀಕ್ಷೆ ನೆನಪಿದ್ದವರಿಗೆ ಇದು ಹೊಸದಲ್ಲ. ಒಂದು ಕಪ್ಪೆ ಮುಟ್ಟಿದ ಗ್ಲೌಸ್‌ನಲ್ಲಿ ಇನ್ನೊಂದನ್ನು ಮುಟ್ಟುವಂತಿಲ್ಲ. ಕಡ್ಡಿಗೆ ಅಂಟಿದ್ದರಿಂದ ಡಿಎನ್‌ಎ ಬೇರ್ಪಡಿಸಿ, ಪಿಸಿಆರ್ ಮೂಲಕ ಶಿಲೀಂಧ್ರದ ಗುರುತು ಹುಡುಕುತ್ತಾರೆ. ಇದೆಯೋ ಇಲ್ಲವೋ ಎನ್ನುವುದರ ಜತೆಗೆ ಎಷ್ಟಿದೆ ಎಂಬುದನ್ನೂ ಅಳೆಯಬಹುದು.

ಫಲಿತಾಂಶದಲ್ಲಿ ಎರಡು ಸಂಗತಿಗಳಿದ್ದವು. ಒಂದು, ಉತ್ತರ ಸಹ್ಯಾದ್ರಿಗಷ್ಟೇ ಸೀಮಿತವಾದ, ಅಳಿವಿನಂಚಿನ ಪಟ್ಟಿಯಲ್ಲಿರುವ ಕಪ್ಪೆಗಳಲ್ಲೂ ಸೋಂಕು ಸಿಕ್ಕಿತು. ಎರಡು, ಸಿಕ್ಕಿದ್ದು ಏಷ್ಯಾದಲ್ಲಿ ಮಾತ್ರ ಕಾಣುವ ತಳಿ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಮಾರಣಹೋಮ ನಡೆಸಿದ ತಳಿಗೂ ಇದಕ್ಕೂ ವ್ಯತ್ಯಾಸವಿತ್ತು. 2015ರಲ್ಲಿ ಇದೇ ತಂಡದ ಕೆಲವರು ಇಡೀ ಪಶ್ಚಿಮ ಘಟ್ಟವನ್ನು ನೋಡಿ, ಏಷ್ಯಾದ ಈ ತಳಿ ಘಟ್ಟದ ಉದ್ದಕ್ಕೂ ವ್ಯಾಪಕವಾಗಿದೆ ಎಂದು ವರದಿ ಮಾಡಿದರು. ಘಟ್ಟದ ಉದ್ದಕ್ಕೂ ಎಂದರೆ ಅದರಲ್ಲಿ ಕರ್ನಾಟಕದ ಪಾಲೇ ದೊಡ್ಡದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ರೋಗಾಣು ಇದೆ, ರೋಗ ಯಾಕಿಲ್ಲ?

ಇದಕ್ಕೆ ಹೆಚ್ಚು ಒಪ್ಪಿಗೆಯಿರುವ ವಿವರಣೆ ಹಳೆಯ ಪರಿಚಯದ್ದು. 2018ರಲ್ಲಿ ಜಗತ್ತಿನ ನಾನಾ ಕಡೆಯ ಕೈಟ್ರಿಡ್ ತಳಿಗಳ ಜೀನೋಮ್ ಹೋಲಿಸಿದ ದೊಡ್ಡ ತಂಡವೊಂದು, ಈ ಶಿಲೀಂಧ್ರದ ಮೂಲ ಪೂರ್ವ ಏಷ್ಯಾ, ಅದರಲ್ಲೂ ಕೊರಿಯಾದ ತಳಿಗಳೇ ಮೂಲಕ್ಕೆ ಹತ್ತಿರ ಎಂದು ತೋರಿಸಿತು. ಮಾರಕ ತಳಿ ಜಗತ್ತಿಗೆ ಹರಡಿದ್ದು 20ನೇ ಶತಮಾನದಲ್ಲಿ, ಮನುಷ್ಯರು ಕಪ್ಪೆಗಳನ್ನು ಹಡಗು, ವಿಮಾನಗಳಲ್ಲಿ ಸಾಗಿಸತೊಡಗಿದ ಮೇಲೆ. ಏಷ್ಯಾದ ಕಪ್ಪೆಗಳು ಈ ಶಿಲೀಂಧ್ರದ ಜತೆ ಸಾವಿರಾರು ತಲೆಮಾರು ಬದುಕಿವೆ. ಸಾಯಬೇಕಾದವು ಎಂದೋ ಸತ್ತು, ತಾಳಿಕೊಂಡವು ಉಳಿದಿವೆ. ಪನಾಮಾದ ಕಪ್ಪೆಗಳಿಗೆ ಆ ಅವಕಾಶ ಸಿಗಲಿಲ್ಲ.

ಇನ್ನೊಂದು ಅಂಶ ಸೋಂಕಿನ ಹೊರೆ. ಅಮೆರಿಕದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ನಡೆದ ಅಧ್ಯಯನದ ಪ್ರಕಾರ, ಒಂದು ಕಪ್ಪೆಯ ಮೇಲಿನ ಬೀಜಾಣುಗಳ ಲೆಕ್ಕ ಸುಮಾರು 10,000 ದಾಟಿದ ಮೇಲೆ ಸಾಮೂಹಿಕ ಸಾವು ಶುರುವಾಗುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಕಪ್ಪೆ ಸೋಂಕನ್ನು ಹೊತ್ತುಕೊಂಡೇ ಬದುಕುತ್ತದೆ. ಆದರೆ ಈ ಗಡಿ ಆ ಬೆಟ್ಟಗಳ ಒಂದು ಗುಂಪಿನ ಕಪ್ಪೆಗಳಿಗೆ ಸಂಬಂಧಿಸಿದ್ದು. ಸಹ್ಯಾದ್ರಿಯ ಕಪ್ಪೆಗೂ ಅದೇ ಸಂಖ್ಯೆ ಅನ್ವಯ ಎಂದು ತೀರ್ಮಾನಿಸುವುದು ಅವಸರವಾಗುತ್ತದೆ.

ಹವಾಮಾನವೂ ಲೆಕ್ಕಕ್ಕೆ ಬರುತ್ತದೆ. ಕೈಟ್ರಿಡ್ ಚೆನ್ನಾಗಿ ಬೆಳೆಯುವುದು 17ರಿಂದ 25 ಡಿಗ್ರಿ ಸೆಲ್ಸಿಯಸ್ ನಡುವೆ. 30 ಡಿಗ್ರಿ ಹತ್ತಿರ ಹೋದರೆ ಅದಕ್ಕೆ ಕಷ್ಟ. ಒಣಗಿದರಂತೂ ಉಳಿಯುವುದಿಲ್ಲ. ಪುಣೆ, ಸಾತಾರಾ ಸುತ್ತಲಿನ ಜಂಬಿಟ್ಟಿಗೆ ಕಲ್ಲಿನ ಬಯಲುಗಳು ಏಪ್ರಿಲ್, ಮೇನಲ್ಲಿ ಕಾದ ಹಂಚಿನಂತಿರುತ್ತವೆ. ಇದು ಶಿಲೀಂಧ್ರಕ್ಕೆ ಪ್ರತಿವರ್ಷ ಬೀಳುವ ಪೆಟ್ಟು. ಹಾಗಂತ ನಿರಾಳವಾಗುವಂತಿಲ್ಲ. ಮಳೆಗಾಲದಲ್ಲಿ ಮಹಾಬಳೇಶ್ವರದಂಥ ಎತ್ತರದ ಊರುಗಳಲ್ಲಿ ತಾಪಮಾನ 20 ಡಿಗ್ರಿ ಆಸುಪಾಸಿಗೆ ಬರುತ್ತದೆ. ಕಪ್ಪೆಗಳು ಹೊರಬಂದು, ಕೂಗಿ, ಜೋಡಿಯಾಗಿ, ಒಂದೇ ಕೊಳದಲ್ಲಿ ಗುಂಪುಗೂಡುವ ಆ ಮೂರು ನಾಲ್ಕು ತಿಂಗಳೇ ಶಿಲೀಂಧ್ರಕ್ಕೂ ಹಬ್ಬದ ಕಾಲ.

ಅಂತೂ ಭಾರತದ ಕಪ್ಪೆಗಳು ಹೇಗೋ ತಾಳಿಕೊಂಡಿವೆ ಎಂಬುದು ಸದ್ಯದ ತಿಳಿವಳಿಕೆ. ಅದನ್ನು ತಳ್ಳಿಹಾಕಲು ಕಾರಣವಿಲ್ಲ. ಆದರೆ ಇಲ್ಲೊಂದು ಸಣ್ಣ ತೊಡಕಿದೆ. ಸಾವು ಕಂಡಿಲ್ಲ ಎನ್ನಲು ಯಾರಾದರೂ ನೋಡುತ್ತಿರಬೇಕು. ಉಗುರಿನಷ್ಟು ದೊಡ್ಡದಿರುವ ಪೊದೆಗಪ್ಪೆ ಸತ್ತರೆ ಅದರ ದೇಹ ಮಾರನೇ ದಿನ ಅಲ್ಲಿರುವುದಿಲ್ಲ. ಏಡಿ, ಇರುವೆ, ಹಾವು ಯಾವುದಾದರೂ ಒಯ್ದಿರುತ್ತದೆ. ಪನಾಮಾದಲ್ಲಿ ಸಾವು ಲೆಕ್ಕಕ್ಕೆ ಸಿಕ್ಕಿದ್ದು ಅಲ್ಲಿ ಸಂಶೋಧಕರು ಒಂದೇ ಹಳ್ಳದ ದಂಡೆಯಲ್ಲಿ ವರ್ಷಗಟ್ಟಲೆ ರಾತ್ರಿ ಎಣಿಕೆ ನಡೆಸುತ್ತಿದ್ದರಿಂದ. ಸಹ್ಯಾದ್ರಿಯಲ್ಲಿ ಕಪ್ಪೆಗಳ ಹೊಸ ಜಾತಿಗಳ ಪತ್ತೆ ಭರದಿಂದ ನಡೆದಿದೆ. ಪುಣೆ ತಂಡವೇ 2014ರಲ್ಲಿ ಆಂಬೋಲಿಯಿಂದ ಇಂಡಿರಾನಾ ಚಿರವಾಸಿ ಎಂಬ ಹೊಸ ಕಪ್ಪೆಯನ್ನು ವಿವರಿಸಿತು. ಹೊಸ ಕಪ್ಪೆಗೆ ಹೆಸರಿಟ್ಟರೆ ಸುದ್ದಿಯಾಗುತ್ತದೆ. ಗೊತ್ತಿರುವ ಕಪ್ಪೆಯನ್ನು ಪ್ರತಿವರ್ಷ ಅದೇ ಜಾಗದಲ್ಲಿ ಎಣಿಸಿದರೆ ಆಗುವುದಿಲ್ಲ, ಅದಕ್ಕೆ ಅನುದಾನವೂ ಸುಲಭವಾಗಿ ಸಿಗುವುದಿಲ್ಲ.

ಬೀಗ ಬೇರೆ, ಕೀಲಿಕೈ ಬೇರೆ

ಈಗ ಪರೀಕ್ಷೆಯ ವಿಚಾರ. ಸಿಸಿಎಂಬಿಯ ಕಾರ್ತಿಕೇಯನ್ ವಾಸುದೇವನ್ ಅವರ ತಂಡ 2018ರಲ್ಲಿ ದೇಶದ ಹಲವು ಜೀವವೈವಿಧ್ಯ ತಾಣಗಳ ಕಪ್ಪೆಗಳನ್ನು ಪರೀಕ್ಷಿಸಿ ಸೈಂಟಿಫಿಕ್ ರಿಪೋರ್ಟ್ಸ್‌ನಲ್ಲಿ ವರದಿ ಪ್ರಕಟಿಸಿತ್ತು. ಕೈಟ್ರಿಡ್‌ನಲ್ಲಿ ಆನುವಂಶಿಕ ವೈವಿಧ್ಯ ಹೆಚ್ಚು, ಸೋಂಕಿನ ಪ್ರಮಾಣ ಕಡಿಮೆ ಎಂಬುದು ಅದರ ಸಾರ. ಬಗೆಬಗೆಯ ತಳಿಗಳು ಇವೆ ಎಂದರೆ ಶಿಲೀಂಧ್ರ ಇಲ್ಲಿ ಬಹುಕಾಲದಿಂದ ನೆಲೆಸಿದೆ ಎಂದರ್ಥ. ನಿನ್ನೆ ಮೊನ್ನೆ ಬಂದದ್ದಾದರೆ ಎಲ್ಲೆಡೆ ಒಂದೇ ತಳಿ ಸಿಗಬೇಕಿತ್ತು.

ಆದರೆ ಅದೇ ವೈವಿಧ್ಯ ಪರೀಕ್ಷೆಗೆ ತಲೆನೋವು. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪಿಸಿಆರ್ ವಿಧಾನ ಆಸ್ಟ್ರೇಲಿಯಾದಲ್ಲಿ 2004ರಲ್ಲಿ ರೂಪುಗೊಂಡದ್ದು. ಆಗ ಕೈಯಲ್ಲಿದ್ದುದು ಹೆಚ್ಚಾಗಿ ಮಾರಕ ತಳಿ. ಪಿಸಿಆರ್‌ನಲ್ಲಿ ಬಳಸುವ ಪ್ರೈಮರ್ ಎಂಬ ಪುಟ್ಟ ಡಿಎನ್‌ಎ ತುಣುಕು ಕೀಲಿಕೈಯಂತೆ. ಶಿಲೀಂಧ್ರದ ಡಿಎನ್‌ಎಯಲ್ಲಿ ಅದಕ್ಕೆ ಸರಿಹೊಂದುವ ಜಾಗ ಇದ್ದರೆ ಮಾತ್ರ ಬೀಗ ತೆರೆಯುತ್ತದೆ. ಏಷ್ಯಾದ ತಳಿಗಳಲ್ಲಿ ಆ ಜಾಗ ತುಸು ಬದಲಾಗಿದ್ದರೆ ಯಂತ್ರ ಸೋಂಕಿಲ್ಲ ಎಂದು ಹೇಳಿಬಿಡುತ್ತದೆ. ಈ ಕೊರತೆ ತುಂಬಲು ಸಿಸಿಎಂಬಿ ತಂಡ ರೂಪಿಸಿದ ಹೊಸ ವಿಧಾನವನ್ನು ಭಾರತದ ಜತೆಗೆ ಆಸ್ಟ್ರೇಲಿಯಾ ಮತ್ತು ಪನಾಮಾದ ಮಾದರಿಗಳ ಮೇಲೂ ಪರೀಕ್ಷಿಸಲಾಗಿದೆ. ಏಷ್ಯಾದ ತಳಿಗಳನ್ನು ಹಿಡಿಯುವುದರಲ್ಲಿ ಅದು ಹಳೆಯದಕ್ಕಿಂತ ಚುರುಕಾಗಿದೆ.

ಇದರ ಅರ್ಥವನ್ನು ಎಚ್ಚರದಿಂದ ಓದಬೇಕು. ಭಾರತದ ಕಪ್ಪೆಗಳಿಗೆ ರಾತ್ರೋರಾತ್ರಿ ರೋಗ ಹೆಚ್ಚಾಯಿತು ಎಂದಲ್ಲ. ಮೊದಲೇ ಇದ್ದದ್ದು ಈಗ ಕಾಣುತ್ತಿದೆ. ಒಂದು ರೀತಿಯಲ್ಲಿ ಇದು ಒಳ್ಳೆಯ ಸುದ್ದಿ ಕೂಡ: ಇಷ್ಟು ಕಪ್ಪೆಗಳಲ್ಲಿ ಸೋಂಕಿದ್ದೂ ಅವು ಬದುಕಿವೆ ಎಂದರೆ ತಾಳಿಕೆಯ ಶಕ್ತಿ ನಿಜ. ಇನ್ನೊಂದು ರೀತಿಯಲ್ಲಿ, ಸೋಂಕಿನ ಪ್ರಮಾಣ ಕಡಿಮೆ ಎಂದು ಹಿಂದಿನ ಅಧ್ಯಯನಗಳು ಕೊಟ್ಟ ಸಂಖ್ಯೆಗಳನ್ನೆಲ್ಲ ಮತ್ತೆ ತಿರುಗಿ ನೋಡಬೇಕಾಗಿದೆ. ಪುಣೆ ತಂಡ ಸ್ವಾಬ್ ಸವರಿದ ಜಾಗಗಳಿಗೇ ಹೋಗಿ, ಹೊಸ ವಿಧಾನದಲ್ಲಿ ಮತ್ತೊಮ್ಮೆ ನೋಡಿದರೆ ಈ ಅವಧಿಯಲ್ಲಿ ಏನಾಯಿತು ಎಂಬುದಕ್ಕೆ ಮೊದಲ ನೇರ ಹೋಲಿಕೆ ಸಿಗುತ್ತದೆ. ಇಂಥ ಹೋಲಿಕೆಗೆ ಬೇಕಾದ ಆರಂಭದ ದಾಖಲೆ ದೇಶದ ಎಷ್ಟೋ ಭಾಗಗಳಲ್ಲಿ ಇಲ್ಲವೇ ಇಲ್ಲ. ಪುಣೆಯಲ್ಲಿ ಇದೆ.

ನಿಜವಾದ ಅಪಾಯ ಪೆಟ್ಟಿಗೆಯಲ್ಲಿ ಬರಬಹುದು

ಸ್ಥಳೀಯ ತಳಿಗಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಹೊರಗಿನ ಮಾರಕ ತಳಿ ಇಲ್ಲಿಗೆ ಬರುವ ಸಾಧ್ಯತೆ. ಎರಡು ತಳಿಗಳು ಒಂದೆಡೆ ಸೇರಿದರೆ ಬೆರಕೆ ತಳಿಗಳು ಹುಟ್ಟಬಲ್ಲವು, ಅಂಥವು ಬ್ರೆಜಿಲ್‌ನಲ್ಲಿ ಕಂಡಿವೆ. ಸ್ಥಳೀಯ ತಳಿಗೆ ಒಗ್ಗಿಕೊಂಡ ಕಪ್ಪೆ ಹೊಸ ತಳಿಯನ್ನೂ ತಾಳಿಕೊಳ್ಳುತ್ತದೆ ಎಂಬ ಖಾತರಿ ಇಲ್ಲ.

ಕೈಟ್ರಿಡ್ ಜಗತ್ತು ಸುತ್ತಿದ ದಾರಿ ಕುತೂಹಲಕರ. ಆಫ್ರಿಕಾದ ಉಗುರುಗಪ್ಪೆಯನ್ನು 1930ರ ದಶಕದಿಂದ ಗರ್ಭ ಪರೀಕ್ಷೆಗೆ ಬಳಸುತ್ತಿದ್ದರು. ಮಹಿಳೆಯ ಮೂತ್ರವನ್ನು ಹೆಣ್ಣುಗಪ್ಪೆಗೆ ಚುಚ್ಚಿದರೆ, ಆಕೆ ಗರ್ಭಿಣಿಯಾಗಿದ್ದರೆ ಕಪ್ಪೆ ಕೆಲವೇ ಗಂಟೆಗಳಲ್ಲಿ ಮೊಟ್ಟೆ ಇಡುತ್ತಿತ್ತು. ಸಾವಿರಾರು ಕಪ್ಪೆಗಳು ಖಂಡದಿಂದ ಖಂಡಕ್ಕೆ ಹೋದವು. ಆಮೇಲೆ ಮಾಂಸಕ್ಕಾಗಿ ಸಾಕುವ ಅಮೆರಿಕನ್ ಬುಲ್‌ಫ್ರಾಗ್, ಅದರ ನಂತರ ಸಾಕುಪ್ರಾಣಿ ಮಾರುಕಟ್ಟೆ. ಈ ಎರಡೂ ಕಪ್ಪೆಗಳು ಸೋಂಕು ಹೊತ್ತರೂ ಸಾಮಾನ್ಯವಾಗಿ ಸಾಯದ ಜಾತಿಗಳು. ಅದೇ ತೊಂದರೆ. ಸಲಮಾಂಡರ್‌ಗಳನ್ನು ಕೊಲ್ಲುವ ಸೋದರ ಶಿಲೀಂಧ್ರವೊಂದು ಏಷ್ಯಾದಿಂದ ಯುರೋಪಿಗೆ ಹೋದದ್ದೂ ಸಾಕುಪ್ರಾಣಿ ವ್ಯಾಪಾರದ ಮೂಲಕ ಎಂದು ನಂಬಲಾಗಿದೆ. ಅದಕ್ಕೆ ಹೆದರಿ ಅಮೆರಿಕ 2016ರಲ್ಲಿ 201 ಜಾತಿಯ ಸಲಮಾಂಡರ್‌ಗಳ ಆಮದನ್ನು ನಿಲ್ಲಿಸಿತು.

ಭಾರತದಲ್ಲಿ ಪುಣೆ, ಮುಂಬೈ, ಬೆಂಗಳೂರಿನಂಥ ನಗರಗಳಲ್ಲಿ ವಿದೇಶಿ ಪ್ರಾಣಿ ಸಾಕುವ ಹವ್ಯಾಸ ಬೆಳೆದಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ಫೆಬ್ರುವರಿಯಲ್ಲಿ ಬಂದ ನಿಯಮಗಳ ಪ್ರಕಾರ, ಇಂಥ ಪ್ರಾಣಿಗಳನ್ನು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಆದರೆ ನೋಂದಣಿ ಕಡ್ಡಾಯವಾಗಿರುವುದು ಸೈಟಿಸ್ ಒಪ್ಪಂದದ ಪಟ್ಟಿಗೆ ಹೊಂದಿಕೊಂಡ ಜಾತಿಗಳಿಗೆ. ಆ ಪಟ್ಟಿ ಮಾಡಿರುವುದು ವ್ಯಾಪಾರದಿಂದ ಪ್ರಾಣಿಗೆ ಅಪಾಯವಿದೆಯೇ ಎಂದು ನೋಡಿ. ಪ್ರಾಣಿಯಿಂದ ಬೇರೆಯವಕ್ಕೆ ರೋಗದ ಅಪಾಯವಿದೆಯೇ ಎಂಬುದು ಅದರ ಲೆಕ್ಕದಲ್ಲಿಲ್ಲ. ಅಕ್ಸಲಾಟಲ್ ಆ ಪಟ್ಟಿಯಲ್ಲಿದೆ. ಕೈಟ್ರಿಡ್ ಹರಡುವುದರಲ್ಲಿ ಕುಖ್ಯಾತವಾದ ಉಗುರುಗಪ್ಪೆಯೂ ಇಲ್ಲ, ಬುಲ್‌ಫ್ರಾಗ್ ಕೂಡ ಇಲ್ಲ. ನೋಂದಣಿ ಬಂದಾಯಿತು, ರೋಗದ ಬಾಗಿಲು ಮುಚ್ಚಿತು ಎಂದುಕೊಂಡರೆ ಅದು ತಪ್ಪು ಲೆಕ್ಕ.

ದೇಶದೊಳಗಿನ ಸಾಗಣೆಯೂ ಇದೆ. ನಮ್ಮಲ್ಲಿ ಮಳೆಗಾಲದಲ್ಲಿ ಗದ್ದೆಬಯಲಲ್ಲಿ ಕೂಗುವ ದೊಡ್ಡ ಹಳದಿ ಕಪ್ಪೆ ಮೀನುಮರಿಗಳ ಸಾಗಣೆಯ ಜತೆ ಅಂಡಮಾನ್ ದ್ವೀಪಗಳಿಗೆ ಹೋಗಿ, ಅಲ್ಲಿನ ಜೀವಿಗಳಿಗೆ ಕಂಟಕವಾಗಿದೆ. ಮಳೆಗಾಗಿ ಕಪ್ಪೆ ಮದುವೆ ಮಾಡಿಸಿದ ಉಡುಪಿಯ 2019ರ ಸುದ್ದಿಗೆ ಜಾಲತಾಣಗಳಲ್ಲಿ ಟೀಕೆ, ತಮಾಷೆ ಎರಡೂ ಬಂದವು. ಎರಡು ಕಪ್ಪೆಗಳನ್ನು ಅಕ್ಕಪಕ್ಕದ ಊರಿಂದ ತಂದದ್ದಕ್ಕಿಂತ, ಟ್ಯಾಂಕರ್‌ಗಟ್ಟಲೆ ನೀರಿನಲ್ಲಿ ಮೀನುಮರಿ ಜತೆ ಸದ್ದಿಲ್ಲದೆ ಹೋಗುವ ಗೊದಮೊಟ್ಟೆಗಳ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಹೆಚ್ಚು ಉಪಯುಕ್ತ.

ಯಾರ ಇಲಾಖೆ?

ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಜಲಚರ ರೋಗಗಳ ಪಟ್ಟಿಯಲ್ಲಿ ಕೈಟ್ರಿಡ್ ಸೋಂಕು ಇದೆ. ಸದಸ್ಯ ದೇಶಗಳು ಅದನ್ನು ವರದಿ ಮಾಡಬೇಕು. ಭಾರತದಲ್ಲಿ ಜಲಚರ ರೋಗಗಳಿಗೆ ರಾಷ್ಟ್ರೀಯ ಕಣ್ಗಾವಲು ಕಾರ್ಯಕ್ರಮವೂ ಇದೆ, ಲಖನೌದ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಸಂಸ್ಥೆ ಅದರ ಹೊಣೆ ಹೊತ್ತಿದೆ. ಆದರೆ ಅದರ ಗಮನ ಮೀನು, ಸಿಗಡಿಯತ್ತ, ಅಂದರೆ ದುಡ್ಡು ತರುವ ಜೀವಿಗಳತ್ತ. ಅರಣ್ಯ ಇಲಾಖೆ ಕಾಡಿನ ಅನುಮತಿ ನೋಡಿಕೊಳ್ಳುತ್ತದೆ, ರೋಗಾಣುವಿನ ಪ್ರಯೋಗಾಲಯ ಅದರ ಬಳಿ ಇಲ್ಲ. ಪಶುವೈದ್ಯ ಇಲಾಖೆಗೆ ದನ, ಕುರಿ, ಕೋಳಿ. ಹೀಗಾಗಿ ಕಪ್ಪೆಯ ರೋಗ ಮೂರು ಇಲಾಖೆಗಳ ನಡುವಿನ ಸಂದಿಯಲ್ಲಿ ಬಿದ್ದಿದೆ. ಸಂಶೋಧಕರ ಯೋಜನೆಗೆ ಅನುದಾನ ಇರುವಷ್ಟು ದಿನ ಪರೀಕ್ಷೆ, ಮುಗಿದ ಮೇಲೆ ಮೌನ.

ಕಪ್ಪೆ ಕಡಿಮೆಯಾದರೆ ಮನುಷ್ಯರಿಗೇನು ಎನ್ನುವವರಿಗೆ ಮಧ್ಯ ಅಮೆರಿಕದಲ್ಲಿ ಉತ್ತರ ಸಿಕ್ಕಿದೆ. ಕೋಸ್ಟರಿಕಾ ಮತ್ತು ಪನಾಮಾದಲ್ಲಿ ಕೈಟ್ರಿಡ್ ಅಲೆ ಹಾದುಹೋದ ಪ್ರದೇಶಗಳಲ್ಲಿ ಆಮೇಲಿನ ವರ್ಷಗಳಲ್ಲಿ ಮಲೇರಿಯಾ ಏರಿತು, ಏರಿಕೆಯ ತುದಿಯಲ್ಲಿ ವರ್ಷಕ್ಕೆ ಪ್ರತಿ 1,000 ಜನರಿಗೆ ಹೆಚ್ಚುವರಿಯಾಗಿ ಒಂದು ಪ್ರಕರಣದಷ್ಟು ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿದೆ. ಸೊಳ್ಳೆ ತಿನ್ನುವ ಬಾಯಿಗಳು ಕಡಿಮೆಯಾದದ್ದೇ ಕಾರಣ ಎಂಬುದು ಸಂಶೋಧಕರ ವಾದ. ಭಾರತ 1987ರಲ್ಲಿ ಕಪ್ಪೆ ಕಾಲುಗಳ ರಫ್ತನ್ನು ನಿಷೇಧಿಸಿದಾಗಲೂ ಇಂಥದ್ದೇ ಚರ್ಚೆ ನಡೆದಿತ್ತು. ಗದ್ದೆಯಲ್ಲಿ ಕಪ್ಪೆ ಹೋದರೆ ಕೀಟ ಹೆಚ್ಚುತ್ತದೆ, ಕೀಟನಾಶಕದ ಖರ್ಚು ಏರುತ್ತದೆ ಎಂಬುದು ಆಗಿನ ವಾದ.

ಪುಣೆಯ ಮಟ್ಟಿಗೆ ನೋಡಿದರೆ ಸಾಮರ್ಥ್ಯದ ಕೊರತೆ ಇಲ್ಲ. ರಾಷ್ಟ್ರೀಯ ವೈರಾಣು ಸಂಸ್ಥೆ ಇರುವ ಊರು ಇದು. ಅಘರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ದೇಶದ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹವೇ ಇದೆ. ಆಕುರ್ಡಿಯಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಪಶ್ಚಿಮ ವಲಯ ಕೇಂದ್ರ, ಪಾಷಾಣದಲ್ಲಿ ಐಸರ್, ಜತೆಗೆ ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ಘಟ್ಟ ಹತ್ತಲು ತಯಾರಿರುವ ವಿದ್ಯಾರ್ಥಿಗಳು. ಹತ್ತು ಜಾಗ ಗುರುತಿಸಿ, ಪ್ರತಿ ಜುಲೈ, ಆಗಸ್ಟ್‌ನಲ್ಲಿ ಕಪ್ಪೆಗಳ ಎಣಿಕೆ ಮತ್ತು ಸ್ವಾಬ್, ಅಷ್ಟೇ ಬೇಕಿರುವುದು. ಇದಕ್ಕೆ ಹೊಸ ಸಂಸ್ಥೆ, ಹೊಸ ಕಟ್ಟಡ, ಉದ್ಘಾಟನೆ ಯಾವುದೂ ಬೇಡ.

ಆ ಜಾಗಗಳಲ್ಲಿ ಆಂಬೋಲಿ ಮೊದಲು ಇರಬೇಕು. ಬೆಳಗಾವಿಯಿಂದ ಸುಮಾರು 70 ಕಿ.ಮೀ. ದೂರದ ಈ ಗಿರಿಧಾಮದ ಜಲಪಾತ ನೋಡಲು ಮಳೆಗಾಲದ ವಾರಾಂತ್ಯದಲ್ಲಿ ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ಕಡೆಯ ವಾಹನಗಳು ಸಾಲುಗಟ್ಟುತ್ತವೆ. ಅಲ್ಲಿನ ಜಂಬಿಟ್ಟಿಗೆ ಬಯಲಿನ ಮೇಲೆ ಮೊದಲ ಮಳೆಗೆ ಹೊರಬಂದು ಮೊಟ್ಟೆಯಿಡುವ ಆಂಬೋಲಿ ನೆಲಗಪ್ಪೆ ತೀವ್ರ ಅಪಾಯದಲ್ಲಿರುವ ಜಾತಿ. ಅದರ ನೆಲೆ ಬಹಳ ಕಿರಿದು. ಇಂಥ ಜಾತಿಗೆ ರೋಗವೊಂದೇ ಬೇಕೆಂದಿಲ್ಲ. ರಸ್ತೆಯಲ್ಲಿ ಟೈರಿಗೆ ಸಿಕ್ಕಿ ಸಾಯುವುದು, ನೆಲೆಯಲ್ಲಿ ರೆಸಾರ್ಟ್ ಎದ್ದು ನಿಲ್ಲುವುದು, ಮಳೆಯ ದಿನಗಳು ಏರುಪೇರಾಗುವುದು, ಇವೆಲ್ಲ ಸೇರಿ ಸಂಖ್ಯೆ ತಗ್ಗಿರುವಾಗ ಸಣ್ಣ ಸೋಂಕೂ ದೊಡ್ಡದಾಗುತ್ತದೆ.

ಕಪ್ಪೆ ನೋಡಲು ಹೋಗುವವರ ಸಂಖ್ಯೆಯೂ ಏರಿದೆ. ತಾಮ್ಹಿಣಿಯಲ್ಲಿ ಶನಿವಾರ, ಆಂಬೋಲಿಯಲ್ಲಿ ಭಾನುವಾರ, ಮುಂದಿನ ವಾರ ಕೊಡಗು ಅಥವಾ ಆಗುಂಬೆ ಎನ್ನುವ ಫೋಟೊಗ್ರಾಫರ್‌ಗಳ ಬೂಟಿನ ಕೆಸರು ಒಂದು ಕೊಳದ ನೀರನ್ನು ಇನ್ನೊಂದಕ್ಕೆ ಒಯ್ಯುತ್ತದೆ. ಪರಿಹಾರ ಅಗ್ಗದ್ದೇ: ಬೂಟನ್ನು ತಿಕ್ಕಿ ತೊಳೆದು, ಬ್ಲೀಚ್ ದ್ರಾವಣದಲ್ಲಿ ಅದ್ದಿ, ಪೂರ್ತಿ ಒಣಗಿಸಿ ಮುಂದಿನ ಜಾಗಕ್ಕೆ ಹೋಗುವುದು. ಫೋಟೊಗಾಗಿ ಕಪ್ಪೆಯನ್ನು ಕೈಯಲ್ಲಿ ಎತ್ತಿ ಬೇರೆ ಎಲೆಯ ಮೇಲೆ ಕೂರಿಸುವುದನ್ನು ಬಿಡುವುದು. ಮಳೆಗಾಲದ ಪ್ರವಾಸ ಆಯೋಜಿಸುವವರ ಅನುಮತಿ ಪತ್ರದಲ್ಲೇ ಈ ಷರತ್ತು ಸೇರಿಸಲು ಮಹಾರಾಷ್ಟ್ರ ಮತ್ತು ಕರ್ನಾಟಕದ ಅರಣ್ಯ ಇಲಾಖೆಗಳಿಗೆ ಹೊಸ ಕಾನೂನು ಬೇಕಿಲ್ಲ.

ರೋಗ ಬಂದ ಮೇಲೆ ಮಾಡುವುದು ಬಹಳ ಕಡಿಮೆ. ಸ್ಪೇನ್‌ನ ಮಯೋರ್ಕಾ ದ್ವೀಪದಲ್ಲಿ ಗೊದಮೊಟ್ಟೆಗಳನ್ನೆಲ್ಲ ಹಿಡಿದು ಔಷಧದ ನೀರಿನಲ್ಲಿ ಇಟ್ಟು, ಕೊಳಗಳನ್ನು ಸೋಂಕುನಿವಾರಕದಿಂದ ತೊಳೆದು ಕೈಟ್ರಿಡ್ ಓಡಿಸಿದ್ದು 2015ರಲ್ಲಿ ವರದಿಯಾಯಿತು. ಒಣ ದ್ವೀಪದ ಬೆರಳೆಣಿಕೆಯ ಕೊಳಗಳಲ್ಲಿ ಅದು ಸಾಧ್ಯ. ಆಸ್ಟ್ರೇಲಿಯಾದಲ್ಲಿ 2024ರಲ್ಲಿ ಇನ್ನೊಂದು ಉಪಾಯ ಕಂಡುಕೊಂಡರು: ತೂತಿರುವ ಇಟ್ಟಿಗೆಗಳಿಗೆ ಕಪ್ಪು ಬಣ್ಣ ಬಳಿದು, ಪುಟ್ಟ ಹಸಿರುಮನೆಯಲ್ಲಿಟ್ಟು ಬಿಸಿಲಿಗೆ ಕಾಯಿಸಿದರೆ ಕಪ್ಪೆಗಳು ಅದರೊಳಗೆ ಹೊಕ್ಕು ಮೈ ಬಿಸಿ ಮಾಡಿಕೊಂಡು ಸೋಂಕು ಕಳೆದುಕೊಳ್ಳುತ್ತವೆ. ಸಹ್ಯಾದ್ರಿಯಲ್ಲಿ ಮೂರು ತಿಂಗಳು ಬಿಸಿಲೇ ಕಾಣದ ಮಳೆಗೆ ಈ ಇಟ್ಟಿಗೆ ಕೆಲಸಕ್ಕೆ ಬಾರದು.

ಇನ್ನೊಂದು ದಾರಿ ಹಿಂದಕ್ಕೆ ಹೋಗುತ್ತದೆ. ವಸ್ತುಸಂಗ್ರಹಾಲಯಗಳ ಹಳೆಯ ಕಪ್ಪೆ ಮಾದರಿಗಳಿಂದ ಕೈಟ್ರಿಡ್‌ನ ಡಿಎನ್‌ಎ ಹೊರತೆಗೆದ ಉದಾಹರಣೆಗಳಿವೆ. ಅಮೆರಿಕದ ಇಲಿನಾಯ್ ಮತ್ತು ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡಿನ ಮಾದರಿಗಳಲ್ಲಿ ಅದು 19ನೇ ಶತಮಾನದ ಕೊನೆಯಲ್ಲೇ ಇದ್ದದ್ದು ಹೀಗೆ ಗೊತ್ತಾಯಿತು. ಪುಣೆಯ ಸಂಗ್ರಹಗಳಲ್ಲೂ, ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳ ಗಾಜಿನ ಜಾಡಿಗಳಲ್ಲೂ ದಶಕಗಳ ಹಿಂದಿನ ಸಹ್ಯಾದ್ರಿಯ ಕಪ್ಪೆಗಳಿವೆ. ಅವುಗಳ ಚರ್ಮದ ಮೇಲೆ ಹತ್ತಿ ಕಡ್ಡಿ ಸವರಿ ಹೊಸ ವಿಧಾನದಲ್ಲಿ ನೋಡಿದರೆ, ಶಿಲೀಂಧ್ರ ಇಲ್ಲಿಗೆ ಬಂದದ್ದೋ ಇಲ್ಲೇ ಇದ್ದದ್ದೋ ಎಂಬ ವಾದಕ್ಕೆ ಕಾಡಿಗೆ ಹೋಗದೆಯೂ ಒಂದಷ್ಟು ಸಾಕ್ಷ್ಯ ಸಿಗಬಹುದು.